ಚೌಕಾಶಿ ಮಾಡದವರು

ಕೊಪ್ಪಳದಲ್ಲಿ ನಲವತ್ತು ದಾಟಿದ ಹೆಂಗಸು ಸೈಕಲ್ ಕೊಳ್ಳುತ್ತೇನೆ ಎಂದರೆ ಮೊದಲು ನಗುವವರು ಮನೆಯವರೇ. ನನ್ನ ಯಜಮಾನರು ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಾರೆ. ಪಾಳಿ ಮುಗಿಸಿ ಬಂದವರು ಚಹಾದ ಬಟ್ಟಲು ಕೈಯಲ್ಲಿ ಹಿಡಿದು, "ಸರ್ಕಸ್ ಕಂಪನಿಯವರು ಕರದಾರೇನು?" ಎಂದು ಕೇಳಿದರು. ಕೇಳಲಿ. ನಾನು ರಕ್ತ, ಮೂತ್ರ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನ ಕೌಂಟರಿನಲ್ಲಿ ಕೂರುವವಳು. ಮನೆಯಿಂದ ನಡೆದು ಹೋದರೆ ಹೊತ್ತಾಗುತ್ತದೆ, ದಿನಾ ಆಟೋದವರಿಗೆ ಕೊಟ್ಟರೆ ಹೊಟ್ಟೆ ಉರಿಯುತ್ತದೆ. ಸೈಕಲ್ ಬೇಕು ಅಂದರೆ ಬೇಕು ಎಂದು ಹಟ ಹಿಡಿದೆ.

ಹೊಸದರ ಬೆಲೆ ಕೇಳಿಕೊಂಡು ಬಂದ ಮೇಲೆ ಹಟ ಸ್ವಲ್ಪ ಇಳಿಯಿತು. ಆಮೇಲೆ ಫೋನಿನಲ್ಲಿ ಹಳೆಯ ಸಾಮಾನು ಮಾರುವ ಆ್ಯಪ್ ಹಾಕಿಕೊಂಡೆ. ಮಧ್ಯಾಹ್ನ ಲ್ಯಾಬಿನಲ್ಲಿ ಜನ ಕಡಿಮೆಯಾದಾಗ ಅದನ್ನೇ ನೋಡುವುದು. ಯಾರೋ ತೊಟ್ಟಿಲು ಮಾರುತ್ತಿದ್ದರು, ಯಾರೋ ಕೂಲರ್, ಇನ್ಯಾರೋ ಒಂದು ಜೊತೆ ಆಡು. ಅವುಗಳ ನಡುವೆ ಗಂಗಾವತಿಯ ಒಂದು ಲೇಡೀಸ್ ಸೈಕಲ್ ಕಂಡಿತು. ಗೇರ್ ಇರುವಂಥದ್ದು, ಹೆಚ್ಚು ತುಳಿದಿಲ್ಲ, ಮೂರು ಸಾವಿರ. ಎರಡೂ ಹಿಡಿಕೆಗಳಿಗೆ ಇಳಕಲ್ಲ ಸೀರೆಯ ಕೆಂಪು ಅಂಚನ್ನು ಒತ್ತೊತ್ತಾಗಿ ಸುತ್ತಿದ್ದರು. ಕೈ ಬೆವರಿದರೂ ಜಾರಬಾರದು ಅಂತ ಇರಬೇಕು. ಅದನ್ನು ನೋಡಿಯೇ ಮನಸ್ಸು ಹೋಯಿತು. ಇದು ಸೈಕಲ್ಲನ್ನು ಜೋಪಾನ ಮಾಡಿದವರ ಕೈ ಎಂದುಕೊಂಡೆ.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ನನ್ನ ತವರು ಕುಷ್ಟಗಿ. ನಮ್ಮವ್ವ ಸಂತೆಗೆ ಹೋದರೆ ಹೇಳಿದ ದರಕ್ಕೆ ಒಂದು ಕಟ್ಟು ಕೊತ್ತಂಬರಿಯನ್ನೂ ತಂದವಳಲ್ಲ. ಜಿಪುಣಿ ಎಂದು ತಿಳಿಯಬೇಡಿ. "ಹೇಳಿದ್ದಕ್ಕ ಹ್ಞೂಂ ಅಂದ್ರ ಮಾರಿದವ್ರಿಗೂ ಸಂಕಟ ಆಗ್ತೈತಿ. ಇನ್ನೂ ಹೆಚ್ಚಿಗಿ ಹೇಳಬೇಕಿತ್ತು ಅಂತ ರಾತ್ರಿ ನಿದ್ದಿ ಬರೂದಿಲ್ಲ ಅವ್ರಿಗೆ," ಎನ್ನುತ್ತಿದ್ದಳು. ಚೌಕಾಶಿ ಎಂದರೆ ನಮ್ಮಲ್ಲಿ ಒಂದು ಮರ್ಯಾದೆ. ಅವರು ಮೂರು ಅನ್ನಬೇಕು, ನಾವು ಎರಡು ಅನ್ನಬೇಕು, ಇಬ್ಬರೂ ಮುಖ ಸಿಂಡರಿಸಬೇಕು, ಎರಡೂವರೆಗೆ ಬಂದು ನಿಲ್ಲಬೇಕು. ಎಲ್ಲ ಮುಗಿದ ಮೇಲೆ ಮಾರಿದವರು ಐದೋ ಹತ್ತೋ ತಿರುಗಿ ಕೊಡಬೇಕು, ಬರ್ಕತ್ತಿಗೆ. ಕೊಂಡ ಸಾಮಾನು ಹೊಸ ಮನೆಯಲ್ಲಿ ಚೆನ್ನಾಗಿ ಬಾಳಲಿ ಎಂದು ಹಾರೈಸುವ ರೀತಿ ಅದು. ಈ ಸಂಸ್ಕಾರದಲ್ಲಿ ಬೆಳೆದವಳು ನಾನು. ಆ್ಯಪಿನಲ್ಲಿ ದರ ಬರೆದಿದ್ದರೇನಾಯಿತು, ಅದನ್ನೂ ಮನುಷ್ಯರೇ ತಾನೇ ಬರೆದಿರುವುದು.

ಗಂಗಾವತಿಯಲ್ಲಿ ನನ್ನ ತಂಗಿಯ ಮನೆ. ಅವರೆಲ್ಲ ಹೇಮಗುಡ್ಡದ ದುರ್ಗಮ್ಮನಿಗೆ ಹೊರಟಿದ್ದರು, ನನ್ನನ್ನೂ ಕರೆದಿದ್ದರು. ದರ್ಶನ ಮುಗಿಸಿ ಗುಡ್ಡ ಇಳಿದು ಬಂದ ಮೇಲೆ ಅವರನ್ನು ಮನೆಗೆ ಕಳಿಸಿ, ನಾನೊಬ್ಬಳೇ ಬಸ್ ನಿಲ್ದಾಣದ ಹತ್ತಿರ ಹೋದೆ. ಸೈಕಲ್ ಮಾರುವವರು ಅಲ್ಲಿಗೇ ಬರಲು ಹೇಳಿದ್ದರು. ಫೋನಿನಲ್ಲಿ ಹೆಣ್ಣು ದನಿ ಇದ್ದದ್ದರಿಂದ ಅಂಜಿಕೆ ಇರಲಿಲ್ಲ.

ಇಪ್ಪತ್ತೈದರ ಒಳಗಿನ ಹುಡುಗಿ. ಬಿಸಿಲಿಗೆ ವೇಲನ್ನು ಮುಖಕ್ಕೆ ಸುತ್ತಿಕೊಂಡಿದ್ದಳು, ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಹೆಗಲಿಗೆ ಒಂದು ಚೀಲ. ಸೈಕಲ್ಲನ್ನು ಗೋಡೆಗೆ ಆನಿಸದೆ ಕೈಯಲ್ಲೇ ಹಿಡಿದು ನಿಂತಿದ್ದಳು. ನಾನು ಹತ್ತಿರ ಹೋದಾಗ ಅವಳು ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ಯಾರಿದ್ದಾರೆ ಎಂದು ನೋಡಿದಳು. ಅದು ನನಗೆ ಆಮೇಲೆ ನೆನಪಾದದ್ದು. ಆ ಹೊತ್ತಿನಲ್ಲಿ ನನ್ನ ಗಮನವೆಲ್ಲ ಟೈರಿನ ಮೇಲಿತ್ತು.

"ಮೂರು ಸಾವಿರ ಭಾಳ ಆತವ್ವಾ," ಎಂದು ಶುರು ಮಾಡಿದೆ.

ಅವಳು ರಸ್ತೆಯ ಕಡೆ ನೋಡಿದಳು.

"ಬ್ರೇಕ್ ಸಡ್ಲ ಐತಿ. ಟಾಯರ್ ಸವದೈತಿ. ಎರಡು ಸಾವಿರ ಕೊಡ್ತೀನಿ ನೋಡು."

ಟೈರು ಸವೆದಿರಲಿಲ್ಲ. ಅದು ಹೇಳುವ ಮಾತು, ಎಲ್ಲರೂ ಹೇಳುತ್ತಾರೆ. ಅವಳು ಎರಡು ಸಾವಿರದ ಎಂಟುನೂರು ಅನ್ನುತ್ತಾಳೆ, ನಾನು ಎರಡು ಸಾವಿರದ ಇನ್ನೂರು ಅನ್ನುತ್ತೇನೆ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದೆ.

"ಆತ್ರಿ, ಕೊಡ್ರಿ," ಎಂದಳು.

ನನಗೆ ನಿರಾಸೆಯೇ ಆಯಿತು. ಆಟ ಶುರುವಾಗುವಾಗಲೇ ಎದುರಿನವರು ಕವಡೆ ಬಿಸಾಕಿ ಎದ್ದಂತಾಯಿತು. ಫೋನಿನಲ್ಲಿ ಹಾಕಲೇ ಎಂದು ಕೇಳಿದೆ. "ಬ್ಯಾಡ್ರಿ, ನಗದು ಇದ್ರ ನಗದು ಕೊಡ್ರಿ," ಎಂದಳು. ಕೊಟ್ಟೆ. ಅವಳು ಎಣಿಸದೆ ಚೀಲದೊಳಗೆ ಹಾಕಿದಳು. ಸುಮ್ಮನಿರಬಹುದಿತ್ತು, ಆದರೆ ನಾನು ನಮ್ಮವ್ವನ ಮಗಳು. "ಬರ್ಕತ್ತಿಗೆ ಹತ್ತು ರೂಪಾಯಿ ತಿರುಗಿ ಕೊಡವ್ವಾ, ಹಂಗ ಒಯ್ಯಬಾರದು," ಎಂದೆ. ಆಗ ಅವಳು ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದಳು. ಕಣ್ಣುಗಳು ನಕ್ಕವು. ಚೀಲ ತಡಕಾಡಿ ಹತ್ತರ ನೋಟೊಂದನ್ನು ಕೊಟ್ಟು, "ಛಲೋ ಓಡ್ಸ್ರಿ ಅಕ್ಕಾರ," ಎಂದಳು. ಆಮೇಲೆ ಹೊರಡಲು ಸಿದ್ಧವಾಗಿದ್ದ ಒಂದು ಬಸ್ಸನ್ನು ಓಡಿ ಹೋಗಿ ಹತ್ತಿದಳು. ಯಾವ ಊರಿನ ಬಸ್ಸು ಎಂಬುದನ್ನು ನಾನು ನೋಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ತಂಗಿಯ ಗಂಡನ ಪರಿಚಯದ ಗೂಡ್ಸ್ ಗಾಡಿಯಲ್ಲಿ, ಅಕ್ಕಿ ಚೀಲಗಳ ಮೇಲೆ ಮಲಗಿಕೊಂಡು ಸೈಕಲ್ ಕೊಪ್ಪಳಕ್ಕೆ ಬಂತು. ನಾನು ತುಳಿಯತೊಡಗಿದೆ. ಓಣಿಯವರು ಒಂದು ವಾರ ನಕ್ಕು ಸುಮ್ಮನಾದರು. ಬ್ರೇಕಿನ ವೈರು ಬದಲಿಸೋಣವೆಂದು ರಿಪೇರಿ ಅಂಗಡಿಗೆ ಹೋದ ದಿನ ನನ್ನ ನೆಮ್ಮದಿ ಹೋಯಿತು.

"ಎಷ್ಟಕ್ಕ ತಗೊಂಡ್ರಿ?" ಎಂದು ಅಂಗಡಿಯವನು ಕೇಳಿದ. ನಾನು ಜಂಬದಿಂದ ಎರಡು ಸಾವಿರ ಎಂದೆ. ಅವನು ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು, ಗೇರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಬಿಲ್ ಐತೇನ್ರಿ?"

"ಹಳೇ ಸೈಕಲ್ಲಿಗೆ ಎಲ್ಲಿ ಬಿಲ್ಲಪಾ?"

"ಹಂಗಲ್ರಿ ಅಕ್ಕಾರ. ಇದು ಹಳೇದಂದ್ರೂ ಆರು ಸಾವಿರಕ್ಕ ಕಡಿಮಿ ಯಾರೂ ಕೊಡಂಗಿಲ್ಲ. ಎರಡಕ್ಕ ಕೊಟ್ರಂದ್ರ…" ಎಂದವನು ಮಾತು ಮುಗಿಸದೆ ಮತ್ತೆ ಪಾನಾ ಎತ್ತಿಕೊಂಡ.

ಆ ಮಾತನ್ನು ಮನೆಗೆ ಹೋಗುವವರೆಗೂ ನಾನೇ ಹತ್ತು ರೀತಿಯಲ್ಲಿ ಮುಗಿಸಿಕೊಂಡೆ. ಹೌದಲ್ಲ. ಮುಖ ಮುಚ್ಚಿಕೊಂಡಿದ್ದಳು. ನಗದೇ ಬೇಕು ಅಂದಳು. ಎಣಿಸಲಿಲ್ಲ. ಸಾವಿರ ರೂಪಾಯಿ ಒಂದೇ ಮಾತಿಗೆ ಇಳಿಸಿದಳು. ಸ್ವಂತ ಸಾಮಾನಾಗಿದ್ದರೆ ಯಾರಾದರೂ ಹಾಗೆ ಬಿಡುತ್ತಾರೆಯೇ? ಅವಳ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮರುದಿನ ಮಾಡಿದೆ, ಸ್ವಿಚ್ ಆಫ್. ಅದೇ ವಾರ ಓಣಿಯ ಹೆಂಗಸರ ಗುಂಪಿಗೆ ಯಾರೋ ಒಂದು ಸಂದೇಶ ಕಳಿಸಿದರು. ಸೈಕಲ್ ಕದಿಯುವ ಗುಂಪೊಂದು ಓಡಾಡುತ್ತಿದೆ, ಕದ್ದ ಮಾಲು ಕೊಂಡವರನ್ನೂ ಬಿಡುವುದಿಲ್ಲ ಎಂದು. ಅದು ಯಾವ ಊರಿನದೋ, ಯಾವ ಕಾಲದ್ದೋ. ನನಗಂತೂ ನನ್ನ ಹೆಸರಿಗೇ ಬರೆದ ಹಾಗೆ ಕಂಡಿತು.

ನಮ್ಮ ಲ್ಯಾಬಿಗೆ ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಬರುವ ಒಬ್ಬ ಹವಾಲ್ದಾರರಿದ್ದಾರೆ. ಒಳ್ಳೆಯ ಮನುಷ್ಯ, ಸೂಜಿ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅವರು ಆ ಸಲ ಒಳಗೆ ಬರುತ್ತಲೇ, "ಮೇಡಮ್ಮಾರ, ಹೊರಗಿನ ಸೈಕಲ್ ನಿಮ್ದೇನ್ರಿ? ಛಲೋ ಐತಿ. ಎಲ್ಲಿಂದ ತಂದ್ರಿ?" ಎಂದು ಕೇಳಿದರು. "ತಂಗಿ ಕೊಟ್ಟಾಳ್ರಿ," ಎಂದೆ. ಅವರ ರಕ್ತದ ಬಾಟಲಿಗೆ ಬೇರೆಯವರ ಚೀಟಿ ಅಂಟಿಸುವುದರಲ್ಲಿದ್ದೆ, ಹೇಗೋ ಕಣ್ಣಿಗೆ ಬಿತ್ತು. ಅವತ್ತಿನಿಂದ ಸೈಕಲ್ಲನ್ನು ಲ್ಯಾಬಿನ ಪಕ್ಕದ ಬೇವಿನ ಮರದ ಹಿಂದೆ ನಿಲ್ಲಿಸತೊಡಗಿದೆ. ಕಳ್ಳತನ ಮಾಡದೆಯೇ ಕಳ್ಳಿಯ ಬುದ್ಧಿ ಬಂದಿತ್ತು.

"ಮಾರಿಬಿಡು, ಪೀಡಾ ಹೋಗ್ಲಿ," ಎಂದರು ಯಜಮಾನರು.

"ಎಷ್ಟಕ್ಕ?"

"ಎರಡಕ್ಕ ತಗೊಂಡಿ, ಎರಡಕ್ಕ ಕೊಡು. ಲಾಭಿಲ್ಲ, ಲುಕ್ಸಾನಿಲ್ಲ. ಪಾಪನೂ ಹತ್ತಂಗಿಲ್ಲ."

"ಎರಡಕ್ಕ ಹಾಕಿದ್ರ ನೋಡಿದವ್ರು ನನಗ ಕಳ್ಳಿ ಅಂತಾರ. ನಾ ಆ ಹುಡುಗಿಗೆ ಅಂದಂಗ."

"ಹಂಗಾದ್ರ ಆರಕ್ಕ ಹಾಕು."

"ಕದ್ದ ಮಾಲಿಗೆ ಆರು ತಗೊಂಡ್ರ ನಾನೂ ಕಳ್ಳಿನ ಆದೆ."

ಅವರು ಮುಸುಕೆಳೆದು ಮಲಗಿಬಿಟ್ಟರು. ನಾನು ಮಾತ್ರ ಆ ಪ್ರಶ್ನೆಯನ್ನು ದಿನಗಟ್ಟಲೆ ಹೊತ್ತುಕೊಂಡು ತಿರುಗಿದೆ. ನ್ಯಾಯದ ದರ ಎಂದರೇನು? ಹೊಸದರ ಬೆಲೆಯಲ್ಲಿ ವರ್ಷಕ್ಕೆ ಇಷ್ಟು ಎಂದು ಕಳೆಯುವುದು ಸುಲಭ. ಟೈರಿಗೆ ಇಷ್ಟು, ಚೈನಿಗೆ ಇಷ್ಟು, ಹೊಸ ವೈರು ಹಾಕಿಸಿದ್ದಕ್ಕೆ ಇಷ್ಟು. ಆದರೆ ಕೊಟ್ಟವರು ಯಾಕೆ ಕೊಟ್ಟರು ಎಂಬುದಕ್ಕೆ ಎಷ್ಟು ಕಳೆಯಬೇಕು, ಎಷ್ಟು ಕೂಡಬೇಕು? ಕೊನೆಗೆ ಆರು ಸಾವಿರ ಎಂದು ಬರೆದೆ. ಮೇಲಿನ ನಾಲ್ಕು ಸಾವಿರವನ್ನು ಮುಟ್ಟುವುದಿಲ್ಲ, ನಿಜವಾದ ಒಡೆಯರು ಯಾವತ್ತಾದರೂ ಸಿಕ್ಕರೆ ಅವರಿಗೆ ಕೊಡುತ್ತೇನೆ ಎಂದು ದುರ್ಗಮ್ಮನಿಗೆ ಹೇಳಿಕೊಂಡೆ. ಬೇವಿನ ಮರದ ಕೆಳಗೆ ನಿಲ್ಲಿಸಿ ಫೋಟೋ ತೆಗೆದೆ. ಆ ಕೆಂಪು ಅಂಚಿನ ಹಿಡಿಕೆ ಚೆಂದ ಕಾಣಲೆಂದು ಹತ್ತಿರದಿಂದ ಇನ್ನೊಂದು ತೆಗೆದೆ. ನನ್ನ ಕೈಯಾರೆ ತೆಗೆದೆ.

ಫೋನುಗಳು ಬಂದವು. "ಲಾಸ್ಟ್ ಎಷ್ಟ್ರಿ?" ಎಂದು ನಮಸ್ಕಾರಕ್ಕೂ ಮೊದಲು ಕೇಳುವವರು. "ಒಂದೂವರಿಗೆ ಆದ್ರ ಈಗ ಬರ್ತೀನಿ," ಎನ್ನುವವರು. ಒಬ್ಬ ಹಿರಿಯರು, "ಆರು ಸಾವಿರಕ್ಕ ಒಂದು ಆಡು ಬರ್ತೈತಿ ತಂಗಿ, ಅದು ಹಾಲರ ಕೊಡ್ತೈತಿ," ಎಂದರು. ಇನ್ನೊಬ್ಬ ತನ್ನ ಹಳೆಯ ಫೋನು ಕೊಡುತ್ತೇನೆ, ಬದಲಿಗೆ ಸೈಕಲ್ ಕೊಡಿ ಎಂದ. ಯಾರಿಗೂ ಕೊಡಲಿಲ್ಲ, ಆದರೆ ಅವರೊಡನೆ ಜಗಳಾಡುವಾಗ ನನ್ನ ಎದೆ ಹಗುರಾಗುತ್ತಿತ್ತು. ಇವರೆಲ್ಲ ನಮ್ಮಂಥವರೇ, ಇದು ಬರೀ ವ್ಯಾಪಾರ ಎನಿಸುತ್ತಿತ್ತು.

ಆಮೇಲೆ ಆ ಫೋನು ಬಂತು. ಗಂಡಸು, ಮೆತ್ತಗಿನ ದನಿ. "ಆರು ಸಾವಿರ ಅಲ್ಲೇನ್ರಿ? ಆತ್ರಿ. ಎಲ್ಲಿಗೆ ಬರ್ಲಿ?"

ಕುರ್ಚಿಯಲ್ಲಿ ಒರಗಿದ್ದವಳು ನೆಟ್ಟಗೆ ಕೂತೆ. "ಒಮ್ಮೆ ಓಡ್ಸಿ ನೋಡ್ಬೇಕಲ್ರಿ. ಬ್ರೇಕ್ ಗೀಕ್ ನೋಡ್ಬೇಕು."

"ನೋಡೂದೇನೈತ್ರಿ. ಯಲಬುರ್ಗಾದಿಂದ ಬರ್ತೀನಿ. ಮನಿ ಎಲ್ಲಿ ಐತಿ?"

ಹೇಳಿದ ದರಕ್ಕೆ ಹ್ಞೂಂ. ಆ ಹುಡುಗಿಯ ನಂತರ ಈ ಸೈಕಲ್ಲಿಗೆ ಹಾಗೆ ಒಪ್ಪಿದವನು ಇವನೊಬ್ಬನೇ. ಆರು ಸಾವಿರಕ್ಕಾಗಿ ಯಲಬುರ್ಗಾದಿಂದ ಬರುವ ಮನುಷ್ಯ ಐನೂರನ್ನೂ ಕಡಿಮೆ ಕೇಳುವುದಿಲ್ಲವೆಂದರೆ ಅವನಿಗೆ ಬೇಕಾದದ್ದು ಸೈಕಲ್ ಅಲ್ಲ. ಒಡೆಯನೇ ಇರಬೇಕು, ಇಲ್ಲವೇ ಪೊಲೀಸರು. ಮನೆಯ ವಿಳಾಸ ಹೇಳಲಿಲ್ಲ. ನಾಳೆ ಮಧ್ಯಾಹ್ನ ಲ್ಯಾಬಿನ ಹತ್ತಿರ ಬನ್ನಿ ಎಂದೆ. ಯಜಮಾನರಿಗೆ ಮರುದಿನ ಹಗಲು ಪಾಳಿ. ರಜೆ ಹಾಕಿರಿ ಎಂದು ಬಾಯಿಬಿಟ್ಟು ಕೇಳಲಾರದೆ ಸುಮ್ಮನಾದೆ.

ಮರುದಿನ ಮಧ್ಯಾಹ್ನ ಒಂದು ಬಿಳಿ ಕಾರು ಬಂತು. ಒಳಗೆ ಇಬ್ಬರು ಕೂತೇ ಇದ್ದರು, ಒಬ್ಬ ಇಳಿದ. ಮೂವತ್ತರ ಆಸುಪಾಸು, ಇಸ್ತ್ರಿಯ ಅಂಗಿ, ನಮಸ್ಕಾರ ಮಾಡಿದ. ಬೇವಿನ ಮರದ ಕಡೆ ಕರೆದುಕೊಂಡು ಹೋದೆ. ಹಳೆಯ ಸೈಕಲ್ ನೋಡಲು ಬಂದವರು ಮೊದಲು ಟೈರು ಹಿಚುಕುತ್ತಾರೆ, ಪೆಡಲ್ ತಿರುಗಿಸುತ್ತಾರೆ. ಅವನು ನೇರವಾಗಿ ಹಿಡಿಕೆಗೆ ಕೈ ಹಾಕಿದ. ಹೆಬ್ಬೆರಳಿನಿಂದ ಕೆಂಪು ಅಂಚನ್ನು ಸವರಿ, ತುದಿಯನ್ನು ಸ್ವಲ್ಪ ಬಿಚ್ಚಿ ನೋಡಿದ.

"ಇದು ನಮ್ಮ ಅವ್ವನ ಸೀರಿ," ಎಂದ.

ಒಡೆಯ ಸಿಕ್ಕಿದ. ತಪ್ಪಿಸಿಕೊಳ್ಳುವ ಮಾತೇ ಇರಲಿಲ್ಲ. ಕೈ ಜೋಡಿಸಿ ಹೇಳಿದೆ: "ಅಣ್ಣಾರ, ನನಗ ಗೊತ್ತಿಲ್ಲದ ತಗೊಂಡೀನ್ರಿ. ನಿಮ್ದಾದ್ರ ಒಯ್ರಿ. ಒಂದು ರೂಪಾಯಿ ಬ್ಯಾಡ."

"ಸೈಕಲ್ ಯಾರಿಗೆ ಬೇಕಾಗೇತ್ರಿ?" ಎಂದ, ಅದೇ ಮೆತ್ತಗಿನ ದನಿಯಲ್ಲಿ. "ಮಾರಿದಾಕಿ ಎಲ್ಲಿ ಹೋದ್ಲು, ಅದನ್ನ ಹೇಳ್ರಿ."

ಫೋನು ತೆಗೆದು ಒಂದು ಫೋಟೋ ತೋರಿಸಿದ. ವೇಲಿನ ಮರೆಯಲ್ಲಿ ಕಂಡಿದ್ದ ಆ ಕಣ್ಣುಗಳ ಸುತ್ತ ಇದ್ದ ಮುಖವನ್ನು ಆಗ ಮೊದಲು ನೋಡಿದೆ. ಅವಳು ಅವನ ತಂಗಿಯಂತೆ. ಮನೆಯಲ್ಲಿ ಮಾತಿಗೆ ಮಾತು ಬೆಳೆದು ಸಿಟ್ಟಿನಲ್ಲಿ ಹೋಗಿದ್ದಾಳಂತೆ. "ಅವ್ವ ಊಟ ಬಿಟ್ಟಾಳ್ರಿ. ಅಕ್ಕಾರ, ನೀವೂ ತಾಯಿ ಇದ್ದಂಗ, ನಿಮಗ ತಿಳೀತೈತಿ."

ಬಸ್ಸಿನ ಊರು ನನ್ನ ನಾಲಗೆಯ ತುದಿಗೆ ಬಂತು. ಸುಳ್ಳು ಹೇಳುವುದಿಲ್ಲ, ಬಂದೇ ಬಿಟ್ಟಿತ್ತು. ಸೈಕಲ್ ಕದ್ದದ್ದಲ್ಲ, ನಾನು ಕಳ್ಳಿಯಲ್ಲ ಎಂಬ ಖುಷಿಗೇ ಹೇಳಿಬಿಡುವವಳಿದ್ದೆ. ತಾಯಿ ಊಟ ಬಿಟ್ಟಿದ್ದಾಳೆ ಎಂದರೆ ಯಾರ ಕರುಳು ಚುರ್ ಎನ್ನುವುದಿಲ್ಲ? ಅಷ್ಟರಲ್ಲಿ ಅವನೇ ಮುಂದಿನ ಪ್ರಶ್ನೆಗಳನ್ನು ಕೇಳಿದ.

"ಜೋಡಿ ಯಾವನರ ಇದ್ನೇನು? ಯಾವ ಬಸ್ ಹತ್ತಿದ್ಲು? ಎಷ್ಟು ರೊಕ್ಕ ಒಯ್ದಾಳ?"

ನಾನು ಕಾದೆ. ಹೇಗಿದ್ದಾಳೆ ಎಂದು ಕೇಳುತ್ತಾನೆ ಎಂದು ಕಾದೆ. ಸೊರಗಿದ್ದಳೇ, ಹುಷಾರಿದ್ದಳೇ, ಅಳುತ್ತಿದ್ದಳೇ. ಲ್ಯಾಬಿನ ಕೌಂಟರಿನಲ್ಲಿ ಕೂತು ಮನೆಯವರ ರಿಪೋರ್ಟಿಗೆ ಬಂದ ಅಣ್ಣ, ತಮ್ಮ, ಗಂಡ ಎಲ್ಲರನ್ನೂ ನೋಡಿದವಳು ನಾನು. ಹಾಳೆ ಕೈಗೆ ಸಿಗುವ ಮೊದಲೇ "ಹೆಂಗೈತ್ರಿ?" ಎನ್ನುತ್ತಾರೆ. ಇವನು ಅದನ್ನು ಕೇಳಲಿಲ್ಲ. ಅವಳ ಹೆಸರನ್ನೂ ಹೇಳಲಿಲ್ಲ.

"ಎಷ್ಟು ಬೇಕು ಹೇಳ್ರಿ," ಎಂದ. "ಆರಲ್ಲ, ಹತ್ತು ಕೊಡ್ತೀನಿ. ಇಪ್ಪತ್ತು ಕೊಡ್ತೀನಿ. ಸೈಕಲ್ ನೀವ ಇಟ್ಕೋರಿ."

ಹೀಗೆ ಹುಡುಕಿಕೊಂಡು ಹೋಗಿ ಮನೆಗೆ ಕರೆತಂದ ಹುಡುಗಿಯರ ಸಾವಿನ ಸುದ್ದಿ ಆಮೇಲೆ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬರುವುದನ್ನು ನಾನು ಓದಿದ್ದೇನೆ. ಎಲ್ಲ ಅಣ್ಣಂದಿರೂ ಹಾಗೆ ಅಲ್ಲ, ಗೊತ್ತು. ಇವನು ಹಾಗಲ್ಲದೆಯೂ ಇರಬಹುದು. ಆದರೆ ಕಾರಿನಲ್ಲಿದ್ದವರಲ್ಲಿ ಒಬ್ಬ ಯಾವಾಗಲೋ ಇಳಿದು ಬಂದು, ನನಗೂ ಲ್ಯಾಬಿನ ಬಾಗಿಲಿಗೂ ನಡುವೆ ನಿಂತಿದ್ದ. ನನಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ. ಇಷ್ಟು ದಿನ ಠಾಣೆಗೆ, ಮಾನಕ್ಕೆ ಅಂಜಿದ್ದು ಆಟದ ಅಂಜಿಕೆ ಎನಿಸಿತು. ನಾನೊಂದು ಊರಿನ ಹೆಸರು ಹೇಳಿದರೆ ಸಾಕು, ಆ ಹುಡುಗಿ ಮುಗಿದಳು.

"ನೀವು ಹೇಳೂ ಹುಡುಗಿನ್ನ ನಾ ನೋಡೇ ಇಲ್ರಿ," ಎಂದೆ. "ಗಂಗಾವತಿ ಸಂತ್ಯಾಗ ಒಬ್ಬ ಗುಜರಿ ಮುದುಕ ಕೊಟ್ಟಾನ."

"ಅವನ ನಂಬರ್ ಕೊಡ್ರಿ."

"ಸಂತ್ಯಾಗ ನಂಬರ್ ಯಾರು ಇಸ್ಕೊಂತಾರ್ರಿ?"

ಅವನು ಕೈ ಚಾಚಿದ. "ನಿಮ್ಮ ಫೋನ್ ಒಮ್ಮೆ ಕೊಡ್ರಿ ಅಕ್ಕಾರ. ನೋಡಿ ಕೊಡ್ತೀನಿ."

ಅವಳ ನಂಬರು ಆ ಫೋನಿನಲ್ಲಿತ್ತು. ಮರೆಯಬಾರದೆಂದು 'ಸೈಕಲ್ ಗಂಗಾವತಿ' ಎಂದೇ ಹಾಕಿಕೊಂಡಿದ್ದೆ. ಫೋನು ಹಿಡಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅವನ ಕೈ ಹಾಗೇ ಚಾಚಿತ್ತು. ಅಷ್ಟರಲ್ಲಿ ರಸ್ತೆಯ ಆ ಬದಿಯಲ್ಲಿ ಬೈಕ್ ನಿಲ್ಲಿಸಿ ನಮ್ಮ ಹವಾಲ್ದಾರರು ಇಳಿಯುವುದು ಕಂಡಿತು. ಮೈಮೇಲೆ ಖಾಕಿ ಇತ್ತು. ಯಾರ ಕಣ್ಣು ತಪ್ಪಿಸಲು ಸೈಕಲ್ಲನ್ನು ಮರದ ಹಿಂದೆ ಇಡುತ್ತಿದ್ದೆನೋ ಅವರನ್ನೇ ಕೂಗಿ ಕರೆದೆ.

"ಸಾಹೇಬ್ರ, ಇಲ್ಲಿ ಬರ್ರಿ. ನಿಮ್ಮ ರಿಪೋರ್ಟ್ ಬಂದೈತಿ. ಸಕ್ಕರಿ ಭಾಳ ಏರೇತ್ರಿ."

ಏರಿರಲಿಲ್ಲ. ಪಾಪ, ಅವರು ಗಾಬರಿಯಾಗಿ ರಸ್ತೆ ದಾಟಿ ನೇರ ನಮ್ಮ ಕಡೆಗೇ ಬಂದರು. ಬಾಗಿಲ ಹತ್ತಿರ ನಿಂತವನು ಮೊದಲು ಸರಿದ. ಅಣ್ಣ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ನಮಸ್ಕಾರ ಮಾಡಿದ. "ಇರ್ಲಿ ಅಕ್ಕಾರ. ಮತ್ತ ಬರ್ತೀನಿ," ಎಂದ. ಕಾರು ಹೋಯಿತು.

ಹವಾಲ್ದಾರರು ಅರ್ಧ ಗಂಟೆ ಕೂತು ಅನ್ನ ಬಿಡಬೇಕೋ ಬೆಲ್ಲ ಬಿಡಬೇಕೋ ಎಂದು ಕೇಳಿದರು. ಅವರಿಗೆ ವಿಷಯ ಹೇಳಲು ಎರಡು ಸಲ ಬಾಯಿ ತೆರೆದೆ. ಹುಡುಗಿ ಕಾಣೆಯಾಗಿದ್ದಾಳೆ ಎಂದು ಮನೆಯವರು ಎಲ್ಲಾದರೂ ದೂರು ಕೊಟ್ಟಿದ್ದರೆ? ಹುಡುಕಿ ತಂದು ಅದೇ ಅಣ್ಣನ ಕೈಗೇ ಒಪ್ಪಿಸಿದರೆ? ಯಾರನ್ನು ನಂಬಬೇಕೋ ತಿಳಿಯಲಿಲ್ಲ. ಬಾಯಿ ಮುಚ್ಚಿಕೊಂಡೆ. ಅವರು ಹೋದ ಮೇಲೆ ಜಾಹೀರಾತು ಅಳಿಸಿದೆ, ಅವಳ ನಂಬರನ್ನೂ ಅಳಿಸಿದೆ. ಸಂಜೆ ಮನೆಗೆ ಬಂದು ಹಿಡಿಕೆಯ ಅಂಚನ್ನು ಬಿಚ್ಚಿ ಟ್ರಂಕಿನ ಅಡಿಯಲ್ಲಿಟ್ಟೆ. ಯಜಮಾನರಿಗೆ ಹೇಳುವಾಗ ಅತ್ತುಬಿಟ್ಟೆ. ಅವರು ನಗಲಿಲ್ಲ. ಮರುದಿನದಿಂದ ಪಾಳಿ ಬದಲಿಸಿಕೊಂಡು, ತಿಂಗಳುಗಟ್ಟಲೆ ನನ್ನನ್ನು ಲ್ಯಾಬಿಗೆ ಬಿಟ್ಟು ಬರುತ್ತಿದ್ದರು.

ಬಿಳಿ ಕಾರು ಕಂಡರೆ ಎದೆ ಹಾರುತ್ತಿತ್ತು. ಕೊಪ್ಪಳದಲ್ಲಿ ಇಷ್ಟೊಂದು ಬಿಳಿ ಕಾರುಗಳಿವೆ ಎಂದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಿಂದದ್ದು ಆ ಸಾವಿರ ರೂಪಾಯಿ. ಓಡಿಹೋಗುತ್ತಿದ್ದ ಹುಡುಗಿ ಮೂರು ಕೇಳಿದಳು, ನಾನು ಟೈರಿನಲ್ಲಿ ಇಲ್ಲದ ಸವೆತ ತೋರಿಸಿ ಎರಡಕ್ಕಿಳಿಸಿದೆ. ಸಾಲದೆಂದು ಹತ್ತು ರೂಪಾಯಿ ತಿರುಗಿ ಇಸಕೊಂಡೆ. ಆ ಸಾವಿರದಲ್ಲಿ ಅವಳು ಇನ್ನಷ್ಟು ದೂರ ಹೋಗಬಹುದಿತ್ತು, ಒಂದು ವಾರ ಉಣ್ಣಬಹುದಿತ್ತು. ಅನ್ನ ತಟ್ಟೆಗೆ ಬಡಿಸಿಕೊಂಡಾಗೆಲ್ಲ ಇದೇ ನೆನಪು. ಆ ಹತ್ತರ ನೋಟನ್ನು ಖರ್ಚು ಮಾಡಲು ಕೈ ಬರಲಿಲ್ಲ, ದೇವರ ಜಗುಲಿಯ ಮೇಲೆಯೇ ಇಟ್ಟೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನ್ ಬಂತು.

"ಅಕ್ಕಾರ, ಸೈಕಲ್ ತಗೊಂಡಿದ್ರಲ್ಲ… ಛಲೋ ಓಡ್ತೈತೇನ್ರಿ?"

ನಾನು ಎದ್ದು ಬೇವಿನ ಮರದ ಕೆಳಗೆ ಹೋದೆ. ಎಲ್ಲಿದ್ದೀ ಎಂದು ಕೇಳಲಿಲ್ಲ. ಗೊತ್ತಾದರೆ ಅದನ್ನೂ ಕಾಯಬೇಕಲ್ಲ. ಅವಳ ಅಣ್ಣ ಬಂದದ್ದನ್ನು ಹೇಳಿದೆ, ಫೋಟೋ ಹಾಕಿದ ನನ್ನ ಮೂರ್ಖತನವನ್ನೂ ಹೇಳಿದೆ.

"ನೀವು ಹೇಳಿದ್ರೇನ್ರಿ?"

"ಇಲ್ಲವ್ವಾ."

ಅಳುತ್ತಿದ್ದಳೋ ಏನೋ. ನಾನೇ ಹೇಳಿದೆ: "ಅದು ಆರು ಸಾವಿರದ ಸೈಕಲ್ ಇತ್ತವ್ವಾ. ನಾ ಎರಡಕ್ಕ ತಗೊಂಡೆ. ನಿನಗ ಮೋಸ ಮಾಡಿದಂಗಾತು."

"ಇಲ್ರಿ ಅಕ್ಕಾರ," ಎಂದಳು. "ಅವತ್ತು ನಮ್ಮಣ್ಣ ಯಾರನ್ನರ ಕಳಿಸಿರ್ತಾನ ಅಂತ ಜೀವಾ ಕೈಯಾಗ ಹಿಡಕೊಂಡು ನಿಂತಿದ್ದೆ. ಮೂರು ಸಾವಿರಕ್ಕ ನೀವು ಹ್ಞೂಂ ಅಂದಿದ್ರ ಸೈಕಲ್ ಅಲ್ಲೇ ಬಿಟ್ಟು ಓಡ್ತಿದ್ದೆ. ಹುಡುಕೋರು ದರ ನೋಡೂದಿಲ್ರಿ. ನೀವು ಟಾಯರ್ ಸವದೈತಿ ಅಂದ್ರಿ, ಬರ್ಕತ್ತಿಗೆ ಹತ್ತು ರೂಪಾಯಿ ಕೇಳಿದ್ರಿ. ಅವಾಗ ನನಗ ಖಾತ್ರಿ ಆತು, ಇವ್ರು ಬರೇ ಸೈಕಲ್ ತಗೊಳಾಕ ಬಂದೋರು ಅಂತ."

ಉಳಿದ ನಾಲ್ಕು ಸಾವಿರ ಕಳಿಸುತ್ತೇನೆ, ಯಾವ ನಂಬರಿಗೆ ಹಾಕಲಿ ಎಂದು ಕೇಳಿದೆ. ಅವಳು ಸಣ್ಣಗೆ ನಕ್ಕಳು. "ಇರ್ಲಿ ಬಿಡ್ರಿ. ರೊಕ್ಕ ಬಂದ ದಾರಿ ಹಿಡ್ಕೊಂಡು ಮಂದಿನೂ ಬರ್ತಾರ," ಎಂದಳು. ಫೋನು ಇಟ್ಟಳು. ಆ ನಂಬರನ್ನೂ ಅಳಿಸಿದೆ. ಮತ್ತೆ ಅವಳ ಫೋನು ಬಂದಿಲ್ಲ.

ಸೈಕಲ್ಲನ್ನು ಈಗಲೂ ತುಳಿಯುತ್ತೇನೆ. ಮೊನ್ನೆ ಲ್ಯಾಬಿನ ಬಾಗಿಲಲ್ಲಿ ಒಬ್ಬ ನಿಂತು, ಮಗಳಿಗೆ ಬೇಕಾಗಿದೆ, ಹೊರಗಿನ ಸೈಕಲ್ ಮಾರುತ್ತೀರೇನು ಎಂದು ಕೇಳಿದ. ಸಾಧು ಮುಖದ ಮನುಷ್ಯ. ಇರಬಹುದು, ಮಗಳಿಗೇ ಇರಬಹುದು. ಮಾರುವುದಿಲ್ಲ ಎಂದೆ.

"ಎಷ್ಟಾದ್ರೂ ಆಗ್ಲಿ, ಕೊಡ್ರಿ ಅಕ್ಕಾರ," ಎಂದ.

ನಾನು ಕೌಂಟರಿನ ಕೆಳಗೆ ಫೋನನ್ನು ಗಟ್ಟಿಯಾಗಿ ಹಿಡಿದುಕೊಂಡು, ಅವನು ರಸ್ತೆಗಿಳಿದು ಯಾವ ಗಾಡಿ ಹತ್ತುತ್ತಾನೆ ಎಂದು ನೋಡುತ್ತ ಕೂತೆ.